ಕ್ರಿಸ್ತನೋ ಡಾರ್ವಿನ್ನೋ ಎಂದು ನಮ್ಮ ಮಕ್ಕಳನ್ನು ಕೇಳಬೇಡಿ: ಸಭಾಪಾಲಕರಿಗೊಂದು ಬಹಿರಂಗ ಪತ್ರ

ಪ್ರಿಯ ಸಭಾಪಾಲಕರೇ, ಫಾದರ್‌ಗಳೇ, ಸಭೆಯ ಹಿರಿಯರೇ, ಸಂಡೇ ಸ್ಕೂಲ್ ಟೀಚರುಗಳೇ,

ಕ್ರಿಸ್ತನಲ್ಲಿ ನಿಮಗೆಲ್ಲರಿಗೂ ವಂದನೆಗಳು.

"ಜೀವವಿಕಾಸವನ್ನು ಒಪ್ಪಿದರೆ ಬೈಬಲನ್ನು ಬಿಟ್ಟ ಹಾಗೆ. ಎರಡರಲ್ಲಿ ಒಂದನ್ನು ಆರಿಸಿಕೋ." ಈ ಮಾತು ನಮ್ಮ ಎಷ್ಟೋ ಸಭೆಗಳಲ್ಲಿ ಕೇಳಿಬರುತ್ತದೆ. ಜೀವವಿಕಾಸ ಅಂದರೆ ಜೀವಿಗಳು ತಲೆಮಾರುಗಳ ಮೂಲಕ ನಿಧಾನವಾಗಿ ಬದಲಾಗಿ ಹೊಸ ಬಗೆಯ ಜೀವಿಗಳಾದವು ಎಂಬ, ಡಾರ್ವಿನ್ ಮುಂದಿಟ್ಟ ವಿವರಣೆ. ಕೆಲವು ಕಡೆ ಪ್ರಸಂಗದಲ್ಲೇ ನೇರವಾಗಿ ಹೇಳುತ್ತಾರೆ. ಕೆಲವು ಕಡೆ ಯಾರೂ ಹಾಗೆ ಹೇಳುವುದಿಲ್ಲ. ಆದರೆ ಪ್ರಶ್ನೆ ಕೇಳಿದ ಹುಡುಗಿಗೆ "ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಮ್ಮ, ಪ್ರಾರ್ಥನೆ ಮಾಡು" ಎಂಬ ಉತ್ತರ ಸಿಗುತ್ತದೆ. ಅವಳಿಗೆ ಅರ್ಥವಾಗುವುದು ಮಾತ್ರ ಅದೇ: ಇಲ್ಲಿ ಈ ಪ್ರಶ್ನೆಗೆ ಜಾಗ ಇಲ್ಲ.

ಆರಿಸಿಕೋ ಅಂದರೆ ಮಕ್ಕಳು ಆರಿಸಿಕೊಳ್ಳುತ್ತಾರೆ. ನೀವು ಬಯಸಿದ್ದನ್ನೇ ಆರಿಸಿಕೊಳ್ಳುತ್ತಾರೆ ಅನ್ನುವ ಖಾತ್ರಿ ಏನೂ ಇಲ್ಲ. ಕಾಲೇಜಿಗೆ ಹೋಗಿ, ಪುರಾವೆಗಳನ್ನು ಕಣ್ಣಾರೆ ನೋಡಿ, ಇದು ನಿಜ ಎಂದು ಮನವರಿಕೆಯಾದ ದಿನ ಅವರು ನಿಮ್ಮ ಮಾತನ್ನೇ ಪಾಲಿಸುತ್ತಾರೆ. ಎರಡರಲ್ಲಿ ಒಂದು ಎಂದು ನೀವೇ ಹೇಳಿದ್ದಿರಿ. ಅವರು ಸಭೆಯನ್ನು ಬಿಡುತ್ತಾರೆ. ಆ ಷರತ್ತನ್ನು ಕ್ರಿಸ್ತನು ಹಾಕಿರಲಿಲ್ಲ. ಹಾಕಿದ್ದು ನಾವು. ಈ ಪತ್ರ ಬರೆಯಲು ಕಾರಣ ಇಷ್ಟೇ.

ನಾನು ಜೀವಶಾಸ್ತ್ರ ಕಲಿಸುವ ಮೇಷ್ಟ್ರು. ಭಾನುವಾರ ನಿಮ್ಮೆದುರು ಬೆಂಚಿನಲ್ಲಿ ಕೂರುವ ವಿಶ್ವಾಸಿ. ಆಕಾಶವನ್ನೂ ಭೂಮಿಯನ್ನೂ ಉಂಟುಮಾಡಿದ ತಂದೆಯನ್ನು ನಂಬುತ್ತೇನೆ. ಯೇಸು ಸತ್ತು, ಮೂರನೆಯ ದಿನ ಎದ್ದನು ಎಂದು ನಂಬುತ್ತೇನೆ. ಅದನ್ನು ಸಾಂಕೇತಿಕವಾಗಿ ಅಲ್ಲ, ನಿಜವಾಗಿ ನಡೆದದ್ದೆಂದೇ ನಂಬುತ್ತೇನೆ. ಭೂಮಿಗೆ ಸುಮಾರು 454 ಕೋಟಿ ವರ್ಷ ಆಗಿದೆ, ನಮಗೂ ಚಿಂಪಾಂಜಿಗಳಿಗೂ ಒಂದೇ ಮೂಲ ಇದೆ ಎಂಬುದನ್ನೂ ಒಪ್ಪುತ್ತೇನೆ. ಇವೆರಡೂ ನನ್ನೊಳಗೆ ಜಗಳ ಆಡುವುದಿಲ್ಲ. ಕೆಲವು ಕಡೆ ಕಷ್ಟದ ಪ್ರಶ್ನೆಗಳಿವೆ ನಿಜ. ಅವನ್ನೂ ಮುಚ್ಚಿಡದೆ ಬರೆಯುತ್ತೇನೆ.

ಮೊದಲು ಪುರಾವೆಯ ಮಾತು. ಎಲ್ಲವನ್ನೂ ಇಲ್ಲಿ ಹೇಳಲು ಆಗುವುದಿಲ್ಲ. ನನ್ನ ಮನಸ್ಸಿಗೆ ಬಹಳ ನಾಟಿದ ಎರಡು ಮೂರು ಸಾಕು.

ಹೆಚ್ಚಿನ ಸಸ್ತನಿಗಳ ದೇಹ ತನಗೆ ಬೇಕಾದ ವಿಟಮಿನ್ ಸಿ ತಾನೇ ತಯಾರಿಸಿಕೊಳ್ಳುತ್ತದೆ. ನಮಗೆ ಆಗುವುದಿಲ್ಲ. ಹಣ್ಣು ತರಕಾರಿಯಿಂದಲೇ ಸಿಗಬೇಕು. ಆದರೆ ಅದನ್ನು ತಯಾರಿಸಲು ಬೇಕಾದ ಜೀನ್ ನಮ್ಮಲ್ಲೂ ಇದೆ. ಕೆಟ್ಟುಹೋಗಿ, ಕೆಲಸ ಮಾಡದೆ ಬಿದ್ದಿದೆ. ಚಿಂಪಾಂಜಿ, ಗೊರಿಲ್ಲಾ, ಒರಾಂಗುಟಾನ್‌ಗಳಲ್ಲೂ ಅದೇ ಜೀನ್ ಕೆಟ್ಟಿದೆ, ಕೆಟ್ಟಿರುವ ರೀತಿಯೂ ನಮ್ಮದನ್ನೇ ಹೋಲುತ್ತದೆ. ಗಿನಿಯಿಲಿಯಲ್ಲೂ ಈ ಜೀನ್ ಕೆಟ್ಟಿದೆ, ಆದರೆ ಅಲ್ಲಿ ಹಾಳಾಗಿರುವ ಬಗೆ ಬೇರೆ. ಒಂದೇ ಬಗೆಯ ಕೆಲಸಕ್ಕೆ ಒಂದೇ ಬಗೆಯ ವಿನ್ಯಾಸ ಮಾಡಿದ್ದಾನೆ ಎಂದು ಹೇಳಬಹುದು, ಒಪ್ಪೋಣ. ಆದರೆ ಒಂದೇ ಬಗೆಯ ಕೆಡುಕು ಯಾಕೆ? ಒಂದೇ ಪೂರ್ವಜರಿಂದ ಬಂದಿದ್ದರೆ ಅದಕ್ಕೆ ಸುಲಭದ ಉತ್ತರ ಇದೆ.

ಇನ್ನೊಂದು, ಜೀವಕೋಶದೊಳಗೆ ಜೀನ್‌ಗಳನ್ನು ಹೊತ್ತಿರುವ ಎಳೆಗಳಾದ ನಮ್ಮ ಕ್ರೋಮೋಸೋಮ್‌ಗಳು. ಚಿಂಪಾಂಜಿ, ಗೊರಿಲ್ಲಾ, ಒರಾಂಗುಟಾನ್‌ಗಳಿಗೆ 24 ಜೋಡಿ, ನಮಗೆ 23. ಎಲ್ಲರಿಗೂ ಒಂದೇ ಮೂಲ ಇದ್ದರೆ ಒಂದು ಜೋಡಿ ಎಲ್ಲಿ ಹೋಯಿತು? ನಮ್ಮ ಎರಡನೆಯ ಕ್ರೋಮೋಸೋಮ್‌ನಲ್ಲಿ ಉತ್ತರ ಸಿಕ್ಕಿತು. ಕ್ರೋಮೋಸೋಮ್‌ನ ತುದಿಗಳಲ್ಲಿ ಇರುವಂಥ ಡಿಎನ್‌ಎ ಗುರುತು ಅದರ ನಡುವೆಯೂ ಇದೆ. ಹಳೆಯ ಎರಡು ಕ್ರೋಮೋಸೋಮ್‌ಗಳು ತುದಿಗೆ ತುದಿ ಸೇರಿ ಒಂದಾಗಿವೆ. ಸೇರಿದ ಗಾಯದ ಗುರುತು ನಮ್ಮ ಜೀವಕೋಶಗಳಲ್ಲಿ ಇವತ್ತಿಗೂ ಇದೆ.

ಪಳೆಯುಳಿಕೆಯದ್ದೂ ಒಂದು ಹೇಳಿಬಿಡುತ್ತೇನೆ. ಮೀನಿನಿಂದ ನಾಲ್ಕು ಕಾಲಿನ ಪ್ರಾಣಿ ಬಂದಿದ್ದರೆ, ನಡುವಿನ ರೂಪ ಸುಮಾರು 37.5 ಕೋಟಿ ವರ್ಷ ಹಳೆಯ ಕಲ್ಲಿನಲ್ಲಿ ಸಿಗಬೇಕು ಎಂದು ವಿಜ್ಞಾನಿಗಳು ಲೆಕ್ಕ ಹಾಕಿದರು. ಅಂಥ ಕಲ್ಲು ಇರುವ ಜಾಗವನ್ನು ನಕ್ಷೆಯಲ್ಲಿ ಹುಡುಕಿ, ಕೆನಡಾದ ಆರ್ಕ್ಟಿಕ್ ದ್ವೀಪವೊಂದಕ್ಕೆ ಹೋಗಿ ಅಗೆದರು. 2004ರಲ್ಲಿ ಟಿಕ್‌ಟಾಲಿಕ್ ಸಿಕ್ಕಿತು. ಮೀನಿನ ಹುರುಪೆ, ಮೀನಿನ ಈಜುರೆಕ್ಕೆ. ಆದರೆ ಆ ರೆಕ್ಕೆಯೊಳಗೆ ಮಣಿಕಟ್ಟಿನಂಥ ಮೂಳೆ, ಮೇಲೆ ತಿರುಗಿಸಬಲ್ಲ ಕತ್ತು. ಹೇಳಿದ ಕಾಲದ ಕಲ್ಲಿನಲ್ಲೇ ಸಿಕ್ಕಿತು.

ಇದೆಲ್ಲ ನಾಸ್ತಿಕರು ಕೂಡಿಕೊಂಡು ಕಟ್ಟಿದ ಕಥೆ ಎಂದು ದಯವಿಟ್ಟು ಹೇಳಬೇಡಿ. ಅನುವಂಶೀಯತೆಯ ನಿಯಮಗಳನ್ನು ಕಂಡುಹಿಡಿದ ಗ್ರೆಗರ್ ಮೆಂಡೆಲ್ ಮಠದ ಸನ್ಯಾಸಿ. ಬಟಾಣಿ ಗಿಡಗಳ ಮೇಲಿನ ಅವರ ಕೆಲಸ 1866ರಲ್ಲಿ ಪ್ರಕಟವಾಯಿತು. ಮೆಂಡೆಲ್‌ರ ನಿಯಮಗಳನ್ನೂ ಡಾರ್ವಿನ್‌ರ ನೈಸರ್ಗಿಕ ಆಯ್ಕೆಯನ್ನೂ (ಬದುಕಲು ನೆರವಾಗುವ ಗುಣಗಳು ತಲೆಮಾರಿನಿಂದ ತಲೆಮಾರಿಗೆ ಹೆಚ್ಚುವುದು) ಗಣಿತದಿಂದ ಹೊಂದಿಸಿದ ರೊನಾಲ್ಡ್ ಫಿಶರ್ ಆಂಗ್ಲಿಕನ್ ವಿಶ್ವಾಸಿ. ವಿಕಾಸದ ಬೆಳಕಿಲ್ಲದೆ ಜೀವಶಾಸ್ತ್ರದಲ್ಲಿ ಯಾವುದಕ್ಕೂ ಅರ್ಥವಿಲ್ಲ ಎಂದು 1973ರಲ್ಲಿ ಬರೆದ ಥಿಯೊಡೋಸಿಯಸ್ ಡಾಬ್‌ಜಾನ್‌ಸ್ಕಿ ಆರ್ಥೊಡಾಕ್ಸ್ ಕ್ರೈಸ್ತರು. ಮಾನವ ಜೀನೋಮ್ ಯೋಜನೆಯನ್ನು ನಡೆಸಿದ ಫ್ರಾನ್ಸಿಸ್ ಕಾಲಿನ್ಸ್ ಬಹಿರಂಗವಾಗಿ ಕ್ರಿಸ್ತನನ್ನು ಒಪ್ಪಿಕೊಂಡವರು. ಇವರಲ್ಲಿ ಯಾರೂ ವಿಜ್ಞಾನಕ್ಕಾಗಿ ದೇವರನ್ನು ಬಿಡಬೇಕಾಗಿ ಬರಲಿಲ್ಲ.

"ಆದರೆ ನಮ್ಮ ಆದಿಸಭೆಯ ಪಿತೃಗಳು ಬೈಬಲಿನ ಆದಿಕಾಂಡದ ಸೃಷ್ಟಿಕಥೆಯನ್ನು ಅಕ್ಷರಶಃ ನಂಬಿದ್ದರಲ್ಲ?" ಎಂದು ನೀವು ಕೇಳಬಹುದು. ಹಲವರು ನಂಬಿದ್ದರು. ಎಲ್ಲರೂ ಅಲ್ಲ.

ಮೂರನೆಯ ಶತಮಾನದ ಒರಿಜೆನ್ ಒಂದು ಸರಳ ಪ್ರಶ್ನೆ ಕೇಳಿದರು. ಸೂರ್ಯ, ಚಂದ್ರ, ನಕ್ಷತ್ರಗಳೇ ಇಲ್ಲದೆ ಮೊದಲನೆಯ, ಎರಡನೆಯ, ಮೂರನೆಯ ದಿನಗಳು ಇದ್ದವೆಂದು ವಿವೇಕ ಇರುವ ಯಾರು ತಾನೇ ತಿಳಿಯುತ್ತಾರೆ? ಆದಿಕಾಂಡದಲ್ಲಿ ಸೂರ್ಯ ಬರುವುದು ನಾಲ್ಕನೆಯ ದಿನ ಅಲ್ವಾ? ಐದನೆಯ ಶತಮಾನದ ಆರಂಭದಲ್ಲಿ ಸಂತ ಅಗಸ್ಟೀನ್ ಆದಿಕಾಂಡದ ಮೇಲೆ ದೊಡ್ಡ ವ್ಯಾಖ್ಯಾನ ಬರೆದರು. ದೇವರು ಎಲ್ಲವನ್ನೂ ಒಂದೇ ಕ್ಷಣದಲ್ಲಿ ಉಂಟುಮಾಡಿದನು, ಆದರೆ ಹಲವನ್ನು ಬೀಜರೂಪದಲ್ಲಿ ಇಟ್ಟನು, ಅವು ತಕ್ಕ ಕಾಲದಲ್ಲಿ ಬೆಳೆದು ಹೊರಬಂದವು ಎಂಬುದು ಅವರ ತಿಳುವಳಿಕೆ. ಅಗಸ್ಟೀನ್ ವಿಕಾಸವಾದಿ ಆಗಿದ್ದರು ಎಂದು ನಾನು ಹೇಳುತ್ತಿಲ್ಲ. ಅವರ ಲೆಕ್ಕದಲ್ಲಿ ಭೂಮಿಯ ವಯಸ್ಸೂ ಕೆಲವೇ ಸಾವಿರ ವರ್ಷ. ಆದರೆ ಆರು ದಿನಗಳನ್ನು ಗಡಿಯಾರದ ದಿನಗಳಾಗಿ ಓದಲೇಬೇಕು ಎಂದು ಅವರಿಗೆ ಅನ್ನಿಸಿರಲಿಲ್ಲ.

ಅದಕ್ಕಿಂತ ಮುಖ್ಯವಾದ ಒಂದು ಎಚ್ಚರಿಕೆಯನ್ನು ಅದೇ ವ್ಯಾಖ್ಯಾನದಲ್ಲಿ ಅವರು ಕೊಟ್ಟಿದ್ದಾರೆ. ಭೂಮಿ, ಆಕಾಶ, ನಕ್ಷತ್ರಗಳ ಚಲನೆ, ಪ್ರಾಣಿಗಳ ಬಗ್ಗೆ ಕ್ರೈಸ್ತರಲ್ಲದವರಿಗೂ ಬುದ್ಧಿಯಿಂದ, ಅನುಭವದಿಂದ ತಿಳಿದಿರುತ್ತದೆ. ಅಂಥವರ ಎದುರು ಕ್ರೈಸ್ತನೊಬ್ಬ ಶಾಸ್ತ್ರದ ಹೆಸರು ಹೇಳಿಕೊಂಡು ಈ ವಿಷಯಗಳಲ್ಲಿ ಅಸಂಬದ್ಧ ಮಾತಾಡಿದರೆ ಅದು ನಾಚಿಕೆಗೇಡು. ತಮಗೆ ಚೆನ್ನಾಗಿ ಗೊತ್ತಿರುವ ವಿಷಯದಲ್ಲೇ ನಮ್ಮ ಪುಸ್ತಕ ತಪ್ಪು ಎಂದು ಅವರಿಗೆ ಅನ್ನಿಸಿದರೆ, ಪುನರುತ್ಥಾನದ ಬಗ್ಗೆ, ನಿತ್ಯಜೀವದ ಬಗ್ಗೆ ಅದೇ ಪುಸ್ತಕ ಹೇಳುವುದನ್ನು ಹೇಗೆ ನಂಬುತ್ತಾರೆ? ಸಾವಿರದ ಆರುನೂರು ವರ್ಷಗಳ ಹಿಂದಿನ ಈ ಮಾತನ್ನು ಪ್ರತಿ ಸಂಡೇ ಸ್ಕೂಲಿನ ಗೋಡೆಯ ಮೇಲೆ ಬರೆದು ಹಾಕಬೇಕು ಎಂದು ನನಗೆ ಅನ್ನಿಸುತ್ತದೆ.

ಪ್ರಾಟೆಸ್ಟಂಟ್ ಸಭೆಗಳವರು ಹದಿನಾರನೆಯ ಶತಮಾನದ ಸುಧಾರಕ ಕ್ಯಾಲ್ವಿನ್‌ರನ್ನು ಓದಬಹುದು. ಆದಿಕಾಂಡ ಚಂದ್ರನನ್ನು ಎರಡು ದೊಡ್ಡ ಬೆಳಕುಗಳಲ್ಲಿ ಒಂದು ಎನ್ನುತ್ತದೆ. ಶನಿಗ್ರಹ ಚಂದ್ರನಿಗಿಂತ ದೊಡ್ಡದು ಎಂದು ಖಗೋಳಶಾಸ್ತ್ರಿಗಳು ಆಗಲೇ ಹೇಳಿದ್ದರು. ಕ್ಯಾಲ್ವಿನ್ ಗಾಬರಿಯಾಗಲಿಲ್ಲ. ಮೋಶೆ ಸಾಮಾನ್ಯ ಜನರ ಕಣ್ಣಿಗೆ ಕಾಣುವಂತೆ ಬರೆದನು, ಖಗೋಳಶಾಸ್ತ್ರ ಕಲಿಯಬೇಕಾದವರು ಬೇರೆ ಕಡೆ ಹೋಗಲಿ ಎಂದು 1554ರ ತಮ್ಮ ವ್ಯಾಖ್ಯಾನದಲ್ಲಿ ಬರೆದರು. ಆ ವಿಜ್ಞಾನವನ್ನು ತೆಗಳಲೂ ಇಲ್ಲ. ಅದು ದೇವರ ಜ್ಞಾನವನ್ನೇ ತೋರಿಸಿಕೊಡುತ್ತದೆ ಎಂದರು.

ಜೀವವಿಕಾಸದ ಬಗ್ಗೆ ಡಾರ್ವಿನ್ ಬರೆದ ಪುಸ್ತಕ ಬಂದದ್ದು 1859ರ ನವೆಂಬರ್‌ನಲ್ಲಿ. ಸಭೆಯವರೆಲ್ಲ ಒಟ್ಟಾಗಿ ಅದರ ಮೇಲೆ ಎರಗಿದರು ಎಂಬ ಕಥೆಯನ್ನು ನಾವೂ ನಂಬಿದ್ದೇವೆ, ನಾಸ್ತಿಕರೂ ನಂಬಿದ್ದಾರೆ. ವಿರೋಧ ಇತ್ತು, ಜೋರಾಗಿಯೇ ಇತ್ತು. ಆದರೆ ಚಾರ್ಲ್ಸ್ ಕಿಂಗ್ಸ್‌ಲಿ ಎಂಬ ಆಂಗ್ಲಿಕನ್ ಪಾದ್ರಿ ಪುಸ್ತಕ ಕೈಗೆ ಬಂದ ಕೂಡಲೇ ಡಾರ್ವಿನ್‌ಗೆ ಪತ್ರ ಬರೆದರು. ತಾವಾಗಿಯೇ ಬೇರೆ ರೂಪಗಳಾಗಿ ಬೆಳೆಯಬಲ್ಲ ಮೂಲ ಜೀವಿಗಳನ್ನು ದೇವರು ಉಂಟುಮಾಡಿದನು ಎಂದು ನಂಬುವುದೂ ದೇವರ ಬಗ್ಗೆ ಅಷ್ಟೇ ಉನ್ನತವಾದ ಕಲ್ಪನೆ ಎಂದರು. ಡಾರ್ವಿನ್ ಆ ಮಾತನ್ನು ಮುಂದಿನ ಮುದ್ರಣದಲ್ಲೇ ಸೇರಿಸಿಕೊಂಡರು. ಅಮೆರಿಕದಲ್ಲಿ ಡಾರ್ವಿನ್ ಪರವಾಗಿ ಮೊದಲು ನಿಂತ ದೊಡ್ಡ ವಿಜ್ಞಾನಿ ಹಾರ್ವರ್ಡ್‌ನ ಸಸ್ಯಶಾಸ್ತ್ರಜ್ಞ ಏಸಾ ಗ್ರೇ. ಅವರು ಅಪ್ಪಟ ವಿಶ್ವಾಸಿ. ಬೈಬಲಿನಲ್ಲಿ ತಪ್ಪೇ ಇಲ್ಲ ಎಂಬ ಬೋಧನೆಗೆ ಹೆಸರಾದ ಪ್ರಿನ್ಸ್‌ಟನ್‌ನ ದೇವಶಾಸ್ತ್ರಜ್ಞ ಬಿ. ಬಿ. ವಾರ್ಫೀಲ್ಡ್ ಕೂಡ, ದೇವರ ನಡೆಸುವಿಕೆಗೆ ಜಾಗ ಇರುವ ತನಕ, ಜೀವವಿಕಾಸಕ್ಕೆ ಬಾಗಿಲು ಮುಚ್ಚಲಿಲ್ಲ.

ಭೂಮಿ ಬಹಳ ಹಳೆಯದು ಎಂಬ ವಿಷಯವಂತೂ ಡಾರ್ವಿನ್‌ಗಿಂತ ಮೊದಲೇ ಇತ್ಯರ್ಥವಾಗಿತ್ತು. ಕೇಂಬ್ರಿಜ್‌ನ ಭೂವಿಜ್ಞಾನಿ ಆಡಂ ಸೆಜ್‌ವಿಕ್ ಸ್ವತಃ ಪಾದ್ರಿ. ಮೇಲ್ಪದರದ ಜಲ್ಲಿಕಲ್ಲನ್ನೆಲ್ಲ ಅವರು ಮೊದಲು ನೋಹನ ಕಾಲದ ಪ್ರಳಯಕ್ಕೆ ಸೇರಿಸಿದ್ದರು. ಕಲ್ಲುಗಳು ಹಾಗೆ ಹೇಳುತ್ತಿಲ್ಲ ಎಂದು ಗೊತ್ತಾದಾಗ 1831ರಲ್ಲಿ ಎಲ್ಲರೆದುರು ಆ ಅಭಿಪ್ರಾಯವನ್ನು ಹಿಂತೆಗೆದುಕೊಂಡರು. ಮುಂದೆ ಅವರು ಡಾರ್ವಿನ್‌ರನ್ನು ಬಲವಾಗಿ ವಿರೋಧಿಸಿದರು. ಆದರೆ ಎಳೆಯ ಭೂಮಿಯ ಲೆಕ್ಕಕ್ಕೆ ಹಿಂತಿರುಗಲಿಲ್ಲ. 1925ರಲ್ಲಿ ಅಮೆರಿಕದ ಡೇಟನ್‌ನಲ್ಲಿ ಜೀವವಿಕಾಸ ಕಲಿಸಿದ ಮೇಷ್ಟ್ರ ಮೇಲೆ ಮೊಕದ್ದಮೆ ನಡೆಯಿತಲ್ಲ, ಅಲ್ಲಿ ಬೈಬಲ್ ಪರ ನಿಂತ ವಿಲಿಯಂ ಜೆನಿಂಗ್ಸ್ ಬ್ರಯನ್ ಕೂಡ ಸೃಷ್ಟಿಯ ದಿನಗಳು 24 ಗಂಟೆಯ ದಿನಗಳೇ ಆಗಬೇಕಿಲ್ಲ ಎಂದು ಒಪ್ಪಿಕೊಂಡರು. ಆರು ಸಾವಿರ ವರ್ಷದ ಭೂಮಿ, ಎಲ್ಲ ಪಳೆಯುಳಿಕೆಗಳೂ ಒಂದೇ ಪ್ರಳಯದಲ್ಲಿ ಆದವು ಎಂಬ ವಾದ ಇವತ್ತು ನಮ್ಮ ಕೈಗೆ ಸಿಗುವ ರೂಪದಲ್ಲಿ ಜಾಸ್ತಿ ಹರಡಿದ್ದು 1961ರಲ್ಲಿ ಅಮೆರಿಕದಲ್ಲಿ ಬಂದ ಒಂದು ಪುಸ್ತಕದ ನಂತರ. ಅದನ್ನೇ ಎರಡು ಸಾವಿರ ವರ್ಷಗಳಿಂದ ಎಲ್ಲರೂ ಒಪ್ಪಿದ ವಿಶ್ವಾಸ ಎಂದು ಮಕ್ಕಳಿಗೆ ಹೇಳುವುದು ಸರಿಯಲ್ಲ.

ಕಥೋಲಿಕ ಸಭೆಯ ನಿಲುವು ನಿಮ್ಮಲ್ಲಿ ಅನೇಕರಿಗೆ ಗೊತ್ತೇ ಇದೆ. 1950ರಲ್ಲಿ ಪೋಪ್ ಹನ್ನೆರಡನೆಯ ಪಿಯುಸ್ ಮನುಷ್ಯದೇಹ ಮೊದಲೇ ಇದ್ದ ಜೀವಿಗಳಿಂದ ಬಂತೇ ಎಂಬ ಸಂಶೋಧನೆಗೆ ಅಡ್ಡಿಯಿಲ್ಲ ಎಂದರು, ಆತ್ಮವನ್ನು ಮಾತ್ರ ದೇವರೇ ನೇರವಾಗಿ ಉಂಟುಮಾಡುತ್ತಾನೆ ಎಂದು ಹಿಡಿದರು. 1996ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್, ಜೀವವಿಕಾಸ ಈಗ ಬರೀ ಊಹೆಗಿಂತ ಹೆಚ್ಚಿನದು ಎಂದರು. 2014ರಲ್ಲಿ ಪೋಪ್ ಫ್ರಾನ್ಸಿಸ್, ದೇವರು ಮಂತ್ರದಂಡ ಹಿಡಿದ ಜಾದೂಗಾರನಲ್ಲ ಎಂದು ನೆನಪಿಸಿದರು. ಆದರೂ ಎಷ್ಟೋ ಕಥೋಲಿಕ ಮಕ್ಕಳಿಗೆ ಇದನ್ನು ಯಾರೂ ಹೇಳಿರುವುದಿಲ್ಲ.

ಇನ್ನು ಆದಿಕಾಂಡಕ್ಕೇ ಬರೋಣ. ಮೊದಲ ಅಧ್ಯಾಯವನ್ನೂ ಎರಡನೆಯದನ್ನೂ ಪಕ್ಕಪಕ್ಕ ಇಟ್ಟು ಓದಿ. ಮೊದಲನೆಯದರಲ್ಲಿ ಗಿಡಮರ, ಆಮೇಲೆ ಪ್ರಾಣಿ, ಕೊನೆಗೆ ಗಂಡು ಹೆಣ್ಣು. ಎರಡನೆಯದರಲ್ಲಿ ಮೊದಲು ಮನುಷ್ಯ, ಆಮೇಲೆ ತೋಟ, ಆಮೇಲೆ ಪ್ರಾಣಿಗಳು, ಕೊನೆಗೆ ಹೆಂಗಸು. ಈ ಎರಡನ್ನೂ ಪಕ್ಕದಲ್ಲೇ ಇಟ್ಟವರಿಗೆ ಈ ವ್ಯತ್ಯಾಸ ಕಾಣಿಸಲಿಲ್ಲವೇ? ಕಾಣಿಸಿತ್ತು. ಅವರಿಗೆ ಅದು ತೊಂದರೆ ಅನ್ನಿಸಲಿಲ್ಲ. ಯಾವುದು ಮೊದಲು, ಯಾವುದು ಆಮೇಲೆ ಎಂಬ ದಿನಚರಿ ಬರೆಯುವುದು ಅವರ ಉದ್ದೇಶ ಆಗಿರಲಿಲ್ಲ. ಸುತ್ತಲಿನ ರಾಜ್ಯಗಳಲ್ಲಿ ಸೂರ್ಯ, ಚಂದ್ರ ದೇವರುಗಳಾಗಿದ್ದ ಕಾಲದಲ್ಲಿ, ಅವು ಬರೀ ದೀಪಗಳು, ನಮ್ಮ ದೇವರು ಹಚ್ಚಿದ್ದು ಎಂದು ಆ ಅಧ್ಯಾಯ ಹೇಳಿತು. ರಾಜರು ಮಾತ್ರ ದೇವರ ಪ್ರತಿರೂಪ ಅನ್ನಿಸಿಕೊಳ್ಳುತ್ತಿದ್ದ ಕಾಲದಲ್ಲಿ, ಪ್ರತಿಯೊಬ್ಬ ಗಂಡಸೂ ಹೆಂಗಸೂ ದೇವರ ಸ್ವರೂಪ ಎಂದು ಸಾರಿತು. ಇದನ್ನು ಬಿಟ್ಟು ಭೂಮಿಯ ವಯಸ್ಸನ್ನು ಅದರಲ್ಲಿ ಹುಡುಕುತ್ತಾ ಕೂತರೆ, ಅಧ್ಯಾಯ ಹೇಳುತ್ತಿರುವ ದೊಡ್ಡ ಮಾತೇ ನಮ್ಮ ಕಿವಿಗೆ ಬೀಳದೆ ಹೋಗುತ್ತದೆ.

ದೇವರ ಸ್ವರೂಪ ಅಂದರೆ ದೇಹದ ಆಕಾರ ಅಲ್ಲ ಎಂದು ನೀವೇ ನಮಗೆ ಕಲಿಸಿದ್ದೀರಿ. ದೇವರು ಆತ್ಮ. ಹಾಗಿದ್ದ ಮೇಲೆ ನಮ್ಮ ಮೂಳೆ, ಮಾಂಸ, ಜೀನ್‌ಗಳು ಯಾವ ದಾರಿಯಲ್ಲಿ ಬಂದರೂ ಆ ಸ್ವರೂಪಕ್ಕೆ ಕುಂದು ಹೇಗೆ ಬರುತ್ತದೆ? ದೇವರು ಮನುಷ್ಯನನ್ನು ನೆಲದ ಮಣ್ಣಿನಿಂದ ರೂಪಿಸಿದನು ಎಂದು ಓದುವಾಗ ನಮಗೆ ಅವಮಾನ ಆಗುವುದಿಲ್ಲ. ಮಣ್ಣಿನಿಂದ ಬಂದದ್ದಕ್ಕೆ ಆಗದ ಅವಮಾನ ಪ್ರಾಣಿಯಿಂದ ಬಂದರೆ ಯಾಕೆ ಆಗಬೇಕು?

ಒಂದು ವಿಷಯವನ್ನು ನಾವೆಲ್ಲ ಯಾವ ತಕರಾರೂ ಇಲ್ಲದೆ ನಂಬುತ್ತೇವೆ. ತಾಯಿಯ ಗರ್ಭದಲ್ಲಿ ನನ್ನನ್ನು ಹೆಣೆದವನು ನೀನೇ ಎಂದು 139ನೆಯ ಕೀರ್ತನೆ ಹಾಡುತ್ತದೆ. ಮಗುವಿನ ಸಮರ್ಪಣೆಯ ಆರಾಧನೆಯಲ್ಲಿ ನೀವು ಅದನ್ನೇ ಓದುತ್ತೀರಿ. ಆ ಮಗು ಒಂದೇ ಜೀವಕೋಶದಿಂದ ಶುರುವಾಗಿ ಒಡೆದು, ಬೆಳೆದು, ಒಂಬತ್ತು ತಿಂಗಳಲ್ಲಿ ರೂಪುಗೊಂಡಿತು ಎಂಬುದು ಅಲ್ಲಿ ಕೂತವರಿಗೆಲ್ಲ ಗೊತ್ತು. ತಂದೆಯ ಕೋಟಿಗಟ್ಟಲೆ ವೀರ್ಯಾಣುಗಳಲ್ಲಿ ಯಾವುದು ಅಂಡವನ್ನು ಸೇರಿತು ಎಂಬುದರಲ್ಲಿ ಎಷ್ಟು ಆಕಸ್ಮಿಕ ಇದೆ ಎಂಬುದೂ ಗೊತ್ತು. ಆದರೂ ಭ್ರೂಣಶಾಸ್ತ್ರವನ್ನೋ ಕೀರ್ತನೆಯನ್ನೋ ಆರಿಸಿಕೋ ಎಂದು ಯಾವ ತಾಯಿಗೂ ನೀವು ಹೇಳಿಲ್ಲ. ದೇವರು ಒಂಬತ್ತು ತಿಂಗಳ ಸಹಜ ಬೆಳವಣಿಗೆಯ ಮೂಲಕ ಒಂದು ಮಗುವನ್ನು ಸೃಷ್ಟಿಸಬಲ್ಲನು ಎಂದು ಒಪ್ಪುವವರು, ಕೋಟಿ ಕೋಟಿ ವರ್ಷಗಳ ಬೆಳವಣಿಗೆಯ ಮೂಲಕ ಮನುಷ್ಯಕುಲವನ್ನೇ ಸೃಷ್ಟಿಸಬಲ್ಲನು ಎಂದು ಒಪ್ಪಲು ಏನು ಅಡ್ಡಿ? ಬೀಜ ಬಿತ್ತಿದವನು ಮಲಗಿ ಏಳುತ್ತಿರುವಾಗ ಅವನಿಗೆ ತಿಳಿಯದ ಹಾಗೆ ಭೂಮಿ ತಾನಾಗಿ ಬೆಳೆ ಕೊಡುತ್ತದೆ ಎಂದು ಯೇಸುವೇ ಸಾಮ್ಯ ಹೇಳಿದ. ತಾನಾಗಿ ಎಂದದ್ದರಿಂದ ತಂದೆಯ ಕೈ ಅಲ್ಲಿಲ್ಲ ಎಂದು ಅವನು ಹೇಳಲಿಲ್ಲ.

ಜೀವವಿಕಾಸ ಆಕಸ್ಮಿಕಗಳಿಂದ ನಡೆಯುತ್ತದೆ ಅಂದ ಮೇಲೆ ದೇವರಿಗೆ ಜಾಗ ಎಲ್ಲಿ ಎಂಬ ಪ್ರಶ್ನೆಗೂ ನನ್ನ ಉತ್ತರ ಇದೇ. ಜೀನ್‌ಗಳಲ್ಲಿ ಬದಲಾವಣೆ ಆಗುವಾಗ ಅದು ಜೀವಿಯ ಅಗತ್ಯವನ್ನು ನೋಡಿಕೊಂಡು ಆಗುವುದಿಲ್ಲ. ಜೀವಶಾಸ್ತ್ರ ಹೇಳುವುದು ಇಷ್ಟು. ಇದರ ಹಿಂದೆ ಯಾರ ಸಂಕಲ್ಪವೂ ಇಲ್ಲ ಎಂದು ಯಾರಾದರೂ ಹೇಳಿದರೆ ಅದು ಪ್ರಯೋಗಶಾಲೆಯಿಂದ ಬಂದ ಮಾತಲ್ಲ, ಅವರ ಸ್ವಂತ ನಂಬಿಕೆ. ಮಡಿಲಲ್ಲಿ ಚೀಟಿ ಹಾಕಿದರೂ ತೀರ್ಪು ಯೆಹೋವನದೇ ಎಂದು ಜ್ಞಾನೋಕ್ತಿಗಳು ಹೇಳುತ್ತವೆ.

ಈಗ ಕಷ್ಟದ ಪ್ರಶ್ನೆಗಳು. ಆದಾಮನ ವಿಷಯ ಮೊದಲು.

ನಮ್ಮಲ್ಲಿ ಇವತ್ತು ಇರುವ ಜೀನ್‌ಗಳ ವೈವಿಧ್ಯ ನೋಡಿದರೆ, ಕೆಲವೇ ಸಾವಿರ ವರ್ಷಗಳ ಹಿಂದಿನ ಒಂದೇ ಜೋಡಿಯಿಂದ ಎಲ್ಲರೂ ಬಂದಿರಲು ಸಾಧ್ಯವಿಲ್ಲ. ನಮ್ಮ ಪೂರ್ವಜರು ಸಾವಿರಾರು ಜನರ ಗುಂಪಾಗಿ ಬದುಕಿದ್ದರು. ಹಾಗಾದರೆ ಅಪೊಸ್ತಲ ಪೌಲನು ಆದಾಮನಲ್ಲಿ ಎಲ್ಲರೂ ಸಾಯುವ ಹಾಗೆ ಕ್ರಿಸ್ತನಲ್ಲಿ ಎಲ್ಲರೂ ಬದುಕುವರು ಎಂದದ್ದರ ಗತಿ ಏನು? ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ವಿಶ್ವಾಸಿಗಳಾದ ವಿದ್ವಾಂಸರಲ್ಲೇ ಇಲ್ಲಿ ಬೇರೆ ಬೇರೆ ಅಭಿಪ್ರಾಯಗಳಿವೆ. ಆ ಗುಂಪಿನ ನಡುವಿನಿಂದ ದೇವರು ಒಂದು ಜೋಡಿಯನ್ನು ಕರೆದು, ಎಲ್ಲರ ಪರವಾಗಿ ನಿಲ್ಲಿಸಿದನು ಎನ್ನುವವರಿದ್ದಾರೆ. ಆದಾಮನ ಕಥೆ ಪ್ರತಿಯೊಬ್ಬರ ಕಥೆ, ದೇವರ ಮಾತನ್ನು ಬಿಟ್ಟು ಹೋದ ಇಡೀ ಮನುಷ್ಯಕುಲದ ಕಥೆ ಎನ್ನುವವರೂ ಇದ್ದಾರೆ. ಮೊದಲಿನ ಅಭಿಪ್ರಾಯದ ಕಡೆಗೆ ನನ್ನ ಒಲವು ಜಾಸ್ತಿ. ಆದಿಕಾಂಡದ ನಾಲ್ಕನೆಯ ಅಧ್ಯಾಯವೂ ಅದಕ್ಕೆ ಎಡೆ ಕೊಡುತ್ತದೆ. ತಮ್ಮನನ್ನು ಕೊಂದ ಮೇಲೆ ಆದಾಮನ ಮಗ ಕಾಯಿನನು, ನನ್ನನ್ನು ಕಂಡವರು ಕೊಂದಾರು ಎಂದು ಹೆದರುತ್ತಾನೆ. ಯಾರು ಆ ಕಂಡವರು? ಅವನಿಗೆ ಹೆಂಡತಿ ಎಲ್ಲಿಂದ ಬಂದಳು? ಊರು ಕಟ್ಟಿದ್ದು ಯಾರಿಗಾಗಿ? ಸಂಡೇ ಸ್ಕೂಲಿನಲ್ಲಿ ಹತ್ತು ವರ್ಷದ ಮಕ್ಕಳು ಕೇಳುವ ಪ್ರಶ್ನೆಗಳು ಇವು. ನಾವು ಅವರನ್ನು ಸುಮ್ನೆ ಕೂರಿಸುತ್ತೇವೆ.

ಯಾವ ಅಭಿಪ್ರಾಯ ಹಿಡಿದರೂ ಪಾಪ ಮಾತ್ರ ನಿಜವಾಗಿಯೇ ಉಳಿಯುತ್ತದೆ. ಅದಕ್ಕೆ ಪಳೆಯುಳಿಕೆಯ ಪುರಾವೆ ಬೇಕಿಲ್ಲ. ನಮ್ಮ ಮನೆ, ನಮ್ಮ ಸಭೆ, ನಮ್ಮ ಮನಸ್ಸು ನೋಡಿಕೊಂಡರೆ ಸಾಕು. ನಮಗೆ ರಕ್ಷಕ ಬೇಕು ಎಂಬುದು ಕ್ರೋಮೋಸೋಮ್‌ಗಳ ಲೆಕ್ಕದಿಂದ ಬದಲಾಗುವುದಿಲ್ಲ.

ಎರಡನೆಯದು ಸಾವು. ನನ್ನನ್ನು ಬಹಳ ಕಾಡಿದ್ದು ಇದೇ. ಪಾಪದಿಂದ ಮರಣ ಬಂತು ಎಂದು ರೋಮಾಪುರದವರಿಗೆ ಬರೆದ ಪತ್ರಿಕೆ ಹೇಳುತ್ತದೆ. ಆದರೆ ಮನುಷ್ಯ ಬರುವ ಮೊದಲೇ ಕೋಟ್ಯಂತರ ವರ್ಷ ಜೀವಿಗಳು ಸತ್ತಿವೆ. ಸುಮಾರು 25 ಕೋಟಿ ವರ್ಷಗಳ ಹಿಂದೆ ಒಂದು ಮಹಾ ಅಳಿವಿನಲ್ಲಿ ಸಮುದ್ರದ ಬಹುಪಾಲು ಪ್ರಭೇದಗಳು ಇಲ್ಲವಾದವು. ಡೈನೋಸಾರ್‌ಗಳ ಮೂಳೆಗಳಲ್ಲೇ ಕಾಯಿಲೆಯ ಗುರುತುಗಳಿವೆ.

ಪೌಲನ ಮಾತನ್ನು ಗಮನವಿಟ್ಟು ಓದಿದರೆ ಅವನು ಹೇಳುವುದು ಮನುಷ್ಯರೆಲ್ಲರಿಗೂ ವ್ಯಾಪಿಸಿದ ಮರಣದ ಬಗ್ಗೆ. ಸಿಂಹದ ಬಾಯಿಗೆ ಸಿಕ್ಕಿದ ಜಿಂಕೆಯ ಬಗ್ಗೆ ಅಲ್ಲ. ಹಣ್ಣು ತಿಂದ ದಿನವೇ ಸಾಯುವಿ ಎಂದು ದೇವರು ಆದಾಮನಿಗೆ ಹೇಳಿದ್ದನು. ಆದರೆ ಆದಾಮ 930 ವರ್ಷ ಬದುಕಿದ ಎಂದು ಅದೇ ಪುಸ್ತಕ ಹೇಳುತ್ತದೆ. ಆ ದಿನ ಸತ್ತದ್ದು ದೇವರ ಜೊತೆಗಿನ ಸಂಬಂಧ. ಇನ್ನು ಪ್ರಾಣಿಗಳ ಬೇಟೆಯ ವಿಷಯ. 104ನೆಯ ಕೀರ್ತನೆಯಲ್ಲಿ ಸಿಂಹದ ಮರಿಗಳು ಗರ್ಜಿಸಿ ದೇವರಿಂದಲೇ ಆಹಾರ ಕೇಳುತ್ತವೆ. ಕೀರ್ತನೆಗಾರ ಅದಕ್ಕೆ ದುಃಖಪಡುವುದಿಲ್ಲ. ದೇವರ ಕೈಕೆಲಸ ಎಷ್ಟು ವಿಧವಾಗಿದೆ ಎಂದು ಸ್ತುತಿಸುತ್ತಾನೆ. ಯೋಬನಿಗೆ ಉತ್ತರ ಕೊಡುವಾಗ ದೇವರು ಹದ್ದಿನ ಮರಿಗಳು ರಕ್ತ ಹೀರುವುದನ್ನೂ ಹೇಳುತ್ತಾನೆ. ಬೇಟೆಯಾಡುವ ಪ್ರಾಣಿಗಳನ್ನು ಬೈಬಲು ಪಾಪದ ಲೆಕ್ಕಕ್ಕೆ ಬರೆದಿಲ್ಲ.

ಇಷ್ಟು ಹೇಳಿದ ಮೇಲೂ ನೋವು ಉಳಿಯುತ್ತದೆ. ಡಾರ್ವಿನ್ ಅದನ್ನು ಕಂಡಿದ್ದರು. ಅವರ ಮಗಳು ಆನಿ 1851ರಲ್ಲಿ ಹತ್ತು ವರ್ಷದವಳಿದ್ದಾಗ ತೀರಿಕೊಂಡಳು. ಆ ತಂದೆ 1860ರಲ್ಲಿ ಏಸಾ ಗ್ರೇಗೆ ಒಂದು ಪತ್ರ ಬರೆದರು. ಒಂದು ಜಾತಿಯ ಕಣಜ ಇದೆ. ಅದರ ಮರಿಗಳು ಕಂಬಳಿಹುಳುವಿನ ಜೀವಂತ ದೇಹದೊಳಗೆ ಇದ್ದುಕೊಂಡು ಅದನ್ನು ತಿನ್ನುತ್ತವೆ. ದಯೆಯುಳ್ಳ, ಸರ್ವಶಕ್ತನಾದ ದೇವರು ಇದನ್ನು ಬೇಕೆಂದೇ ಮಾಡಿದನು ಎಂದು ನನಗೆ ನಂಬಲಾಗುತ್ತಿಲ್ಲ ಎಂದರು. ಇದು ದೇವರನ್ನು ಹೀಯಾಳಿಸಿದ ಮಾತಲ್ಲ. ಯೋಬನು ಬೂದಿಯಲ್ಲಿ ಕೂತು ಕೇಳಿದ ಪ್ರಶ್ನೆ ಇದು. ಹೀಗೆ ಕೇಳಿದವರನ್ನು ದೇವರ ವೈರಿ ಎಂದು ಪ್ರಸಂಗಪೀಠದಿಂದ ಕರೆಯುವಾಗ ನನಗೆ ನಿಜವಾಗಿ ಸಂಕಟ ಆಗುತ್ತದೆ.

ಈ ನೋವಿಗೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಆದರೆ ಎಳೆಯ ಭೂಮಿಯನ್ನು ನಂಬುವವರ ಹತ್ತಿರವೂ ಇಲ್ಲ. ಆ ಕಣಜ ಅವರ ಲೋಕದಲ್ಲೂ ಇದೆ. ಆದಾಮನ ತಪ್ಪಿಗೆ ಕಂಬಳಿಹುಳುವಿಗೆ ಈ ಶಿಕ್ಷೆ ಯಾಕೆ ಎಂಬ ಪ್ರಶ್ನೆ ಅವರಿಗೂ ತಪ್ಪುವುದಿಲ್ಲ. ಸೃಷ್ಟಿಯೆಲ್ಲ ನರಳುತ್ತಾ ಪ್ರಸವವೇದನೆ ಪಡುತ್ತಿದೆ ಎಂದು ಪೌಲ ಬರೆದ. ಪ್ರಸವವೇದನೆ ಅಂದ. ಏನೋ ಹುಟ್ಟಲಿಕ್ಕಿದೆ ಎಂಬ ನಿರೀಕ್ಷೆಯಲ್ಲೇ ಅಂದ. ನಾವು ಆರಾಧಿಸುವ ದೇವರು ದೂರ ನಿಂತು ಈ ನರಳಾಟವನ್ನು ನೋಡಿಲ್ಲ. ಇದೇ ಮಾಂಸ, ಇದೇ ರಕ್ತ, ಇದೇ ಜೀನ್‌ಗಳನ್ನು ತೊಟ್ಟು ಬಂದನು. ಮರಿಯಳ ಮಗನ ದೇಹದ ಪ್ರತಿ ಕೋಶದಲ್ಲೂ ಈ ಭೂಮಿಯ ಜೀವದ ಇಡೀ ಚರಿತ್ರೆ ಇತ್ತು. ಆ ದೇಹವೇ ಶಿಲುಬೆಗೆ ಏರಿತು, ಆ ದೇಹವೇ ಎದ್ದು ಬಂತು. ಜೀವವಿಕಾಸವನ್ನು ಒಪ್ಪಿದ ಮೇಲೆ ದೇವರು ಮನುಷ್ಯನಾದನು ಎಂಬ ನಂಬಿಕೆ ನನಗೆ ಇನ್ನೂ ಹತ್ತಿರವಾಯಿತು. ಎಲ್ಲ ಜೀವಿಗಳ ಜೊತೆಗೆ ರಕ್ತಸಂಬಂಧ ಬೆಳೆಸಿದ ದೇವರು ನಮ್ಮವನು.

ವಿಜ್ಞಾನ ಬಂದ ಮೇಲೆ ದೇವರ ಕಥೆ ಮುಗಿಯಿತು ಎನ್ನುವವರಿಗೂ ಒಂದು ಮಾತು. ನಿಮಗೆ ಡಾರ್ವಿನ್‌ರೇ ಉತ್ತರ ಕೊಟ್ಟಿದ್ದಾರೆ. ಅವರ ಸ್ವಂತ ವಿಶ್ವಾಸ ಆ ಹೊತ್ತಿಗೆ ಕರಗಿಹೋಗಿತ್ತು. ಆದರೂ 1879ರ ಒಂದು ಪತ್ರದಲ್ಲಿ, ಒಬ್ಬ ಮನುಷ್ಯ ಗಾಢವಾದ ದೈವಭಕ್ತನೂ ವಿಕಾಸವಾದಿಯೂ ಆಗಿರಬಹುದು ಎಂಬುದನ್ನು ಸಂಶಯಿಸುವುದು ಅಸಂಬದ್ಧ ಎಂದು ಬರೆದರು.

ಸಭಾಪಾಲಕರೇ, ನಾನು ಕೇಳಿಕೊಳ್ಳುವುದು ದೊಡ್ಡದೇನಲ್ಲ. ಪ್ರಸಂಗದಲ್ಲಿ ಜೀವವಿಕಾಸವನ್ನು ಕಲಿಸಿ ಎಂದು ಹೇಳುತ್ತಿಲ್ಲ. ಅದು ನಿಮ್ಮ ಕೆಲಸ ಅಲ್ಲ. ಆದರೆ ಅದನ್ನು ಒಪ್ಪುವವರು ಕ್ರಿಸ್ತನವರಲ್ಲ ಎಂದೂ ಹೇಳಬೇಡಿ. ಕ್ರಿಸ್ತನು ಎದ್ದು ಬರದಿದ್ದರೆ ನಮ್ಮ ನಂಬಿಕೆ ವ್ಯರ್ಥ ಎಂದು ಪೌಲ ಬರೆದ. ಭೂಮಿಗೆ ಆರು ಸಾವಿರ ವರ್ಷ ಆಗಿರದಿದ್ದರೆ ವ್ಯರ್ಥ ಎಂದು ಬರೆಯಲಿಲ್ಲ. ಅವನು ಇಟ್ಟ ಅಡಿಪಾಯದ ಪಕ್ಕದಲ್ಲಿ ಇನ್ನೊಂದನ್ನು ನಾವು ಇಡುವುದು ಬೇಡ.

ಮೊಬೈಲಿಗೆ ಬರುವ, ಡಾರ್ವಿನ್ ಸಾಯುವಾಗ ಎಲ್ಲವನ್ನೂ ಹಿಂತೆಗೆದುಕೊಂಡರು ಎಂಬಂಥ ಕಥೆಗಳನ್ನು ದಯವಿಟ್ಟು ಪ್ರಸಂಗದಲ್ಲಿ ಹೇಳಬೇಡಿ. ಅದು ನಿಜವಲ್ಲ ಎಂದು ಅವರ ಮಕ್ಕಳೇ ಹೇಳಿದ್ದಾರೆ. ಸತ್ಯವೇ ತಾನು ಎಂದವನ ಹೆಸರಿನಲ್ಲಿ ಸುಳ್ಳನ್ನು ಹೇಳುವುದು ಎಷ್ಟು ಸಣ್ಣ ವಿಷಯದಲ್ಲಾದರೂ ತಪ್ಪು. ಆ ಕಥೆಯನ್ನು ಪರಿಶೀಲಿಸಲು ನಿಮ್ಮ ಯುವಕರಿಗೆ ಒಂದು ನಿಮಿಷ ಸಾಕು. ಆಮೇಲೆ ಅವರು ನಿಮ್ಮ ಉಳಿದ ಮಾತನ್ನೂ ಅದೇ ಸಂಶಯದಿಂದ ಕೇಳುತ್ತಾರೆ.

ಆರು ದಿನಗಳನ್ನು ಅಕ್ಷರಶಃ ನಂಬುವ ಸಹೋದರ ಸಹೋದರಿಯರ ಮೇಲೆ ನನಗೆ ಬೇಸರ ಇಲ್ಲ. ಅವರ ಜೊತೆ ಒಂದೇ ರೊಟ್ಟಿಯನ್ನು ಹಂಚಿಕೊಂಡಿದ್ದೇನೆ. ಅವರಲ್ಲಿ ಎಷ್ಟೋ ಜನರ ಪ್ರಾರ್ಥನೆ, ಪ್ರೀತಿ ನನಗಿಂತ ದೊಡ್ಡದು. ಅವರೂ ಸಭೆಯಲ್ಲಿರಲಿ, ನಾವೂ ಇರೋಣ.

ನಿಮ್ಮ ಮುಂದಿನ ಯುವಜನರ ಕೂಟದಲ್ಲಿ ಈ ವಿಷಯಕ್ಕೆ ಒಂದು ಸಂಜೆ ಕೊಡಿ. ನಿಮ್ಮ ಸಭೆಯಲ್ಲೇ ಜೀವಶಾಸ್ತ್ರದ ಟೀಚರ್, ಡಾಕ್ಟರ್, ಸಂಶೋಧನೆ ಮಾಡುವ ವಿದ್ಯಾರ್ಥಿ ಯಾರಾದರೂ ಇದ್ದೇ ಇರುತ್ತಾರೆ. ಹೆದರಿಕೊಂಡು ಬಾಯಿ ಮುಚ್ಚಿಕೊಂಡಿರುತ್ತಾರೆ, ಅವರನ್ನು ಮಾತಾಡಲು ಕರೆಯಿರಿ. ನನ್ನ ಅಭಿಪ್ರಾಯ ಒಪ್ಪದವರನ್ನೂ ಕರೆಯಿರಿ. ಮೊದಲ ಅರ್ಧ ಗಂಟೆ ದೊಡ್ಡವರು ಯಾರೂ ಮಾತಾಡದೆ ಮಕ್ಕಳ ಪ್ರಶ್ನೆಗಳನ್ನಷ್ಟೇ ಕೇಳಿಸಿಕೊಳ್ಳಿ. ಕೆಲವಕ್ಕೆ ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದು ಹೇಳಿ, ಮುಂದಿನ ವಾರ ಸೇರಿ ಓದೋಣ ಎನ್ನಿ. ನನ್ನನ್ನು ಕರೆದರೆ ನಾನೂ ಬರುತ್ತೇನೆ.

ಕ್ರಿಸ್ತನಲ್ಲಿ ನಿಮ್ಮ,
ಜೀವಶಾಸ್ತ್ರ ಕಲಿಸುವ ಒಬ್ಬ ವಿಶ್ವಾಸಿ